ಮನೆಯಂಗಳದ ಮೆಣಸಿನಗಿಡ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀಜ ಹಾಕಲು ಯಾವ ತಿಂಗಳು ಒಳ್ಳೆಯದು?

ಮನೆ ಬಳಕೆಗಾದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಬೀಜ ಹಾಕಿ, ದಸರಾ ಆಸುಪಾಸಿನಲ್ಲಿ ಸಸಿ ನೆಡಿ. ನೆಟ್ಟ 35–40 ದಿನಕ್ಕೆ ಹೂ ಬರುತ್ತದೆ. ಅಷ್ಟೊತ್ತಿಗೆ ಮಳೆ ಹಿಂದಾಗಿ ಚಳಿ ಶುರುವಾಗಿರುತ್ತದೆ. ಮೆಣಸಿನಗಿಡಕ್ಕೆ ಬೇಕಾಗಿರುವುದೂ ಅದೇ ಹವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಯಿಗೆ ಬರವಿರುವುದಿಲ್ಲ.

ಮುಂಗಾರಿಗೂ ಹಾಕಬಹುದು. ಮೇ ಕೊನೆಯಲ್ಲಿ ಬೀಜ ಹಾಕಿ ಜುಲೈ ಮೊದಲ ವಾರ ನೆಟ್ಟರೆ ನೀರು ಹೊರುವ ಕೆಲಸ ತಪ್ಪುತ್ತದೆ. ಆದರೆ ಆಷಾಢದ ಗಾಳಿ ಎಳೆ ಸಸಿಯನ್ನು ಬುಡದಲ್ಲೇ ತಿರುಚಿ ಹಾಕುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆ ಹಂಗಾಮಿನಲ್ಲಿ ನೆಡುವ ದಿನವೇ ಪ್ರತಿ ಸಸಿಗೂ ಎರಡಡಿ ಕೋಲು ಊರಿ, ದಾರವನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು.

ಜನವರಿಯಲ್ಲಿ ಬೀಜ ಹಾಕುವುದನ್ನು ನಾವು ಹೇಳುವುದಿಲ್ಲ. ಹೂ ಬಿಡುವ ಹೊತ್ತಿಗೆ ಏಪ್ರಿಲ್ ಬಿಸಿಲು ಬಂದು ಕೂತಿರುತ್ತದೆ.

ದೊಣ್ಣೆ ಮೆಣಸಿನಕಾಯಿಗೂ ಇದೇ ಲೆಕ್ಕವೇ?

ದೊಣ್ಣೆ ಮೆಣಸಿನಕಾಯಿಗೆ ಈ ಚಳಿಗಾಲದ ಬೆಳೆ ಬಿಟ್ಟರೆ ಬೇರೆ ದಾರಿಯಿಲ್ಲ. ಹಗಲು 21–28 ಡಿಗ್ರಿ, ರಾತ್ರಿ 16–20 ಡಿಗ್ರಿ ಇದ್ದರೆ ಅದಕ್ಕೆ ಹಿತ. ನಮ್ಮಲ್ಲಿ ಅಂಥ ದಿನಗಳು ಸಿಗುವುದು ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ, ಅದೂ ಮಧ್ಯಾಹ್ನ ಸ್ವಲ್ಪ ಹೆಚ್ಚೇ ಇರುತ್ತದೆ. ಚಿತ್ರದುರ್ಗ ಊರು ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ, ದಾವಣಗೆರೆ 600ರ ಆಸುಪಾಸು. ಹಾಗಾಗಿ ದುರ್ಗದವರಿಗೆ ಇದು ಒಂದು ಕೈ ಸುಲಭ. ಎರಡೂ ಕಡೆ ಮಾರ್ಚ್ ಬಂದ ಮೇಲೆ ಶೇ. 50ರ ಹಸಿರು ನೆರಳುಬಲೆ ಕಟ್ಟದಿದ್ದರೆ ಬಿಸಿಲು ಬೀಳುವ ಮಗ್ಗುಲಲ್ಲಿ ಕಾಯಿ ಬೆಳ್ಳಗೆ ಬೆಂದು, ಕಾಗದದ ಹಾಗೆ ತೆಳ್ಳಗಾಗುತ್ತದೆ. ಅದು ರೋಗವಲ್ಲ, ಬಿಸಿಲಿನ ಸುಡುಗಾಯ. ಅಷ್ಟು ಭಾಗ ಕೊಯ್ದು ಬಿಸಾಕಿ ಉಳಿದದ್ದನ್ನು ಪಲ್ಯಕ್ಕೆ ಹಾಕಬಹುದು.

ಯಾವ ತಳಿ ತರಬೇಕು?

ಅಡುಗೆಮನೆಯಲ್ಲಿ ಏನಕ್ಕೆ ಬೇಕು ಎನ್ನುವುದನ್ನು ಮೊದಲು ತೀರ್ಮಾನ ಮಾಡಿ.

ದಿನಬಳಕೆಯ ಹಸಿಮೆಣಸಿನಕಾಯಿಗೆ ಜ್ವಾಲಾ ಚೆನ್ನಾಗಿ ಬರುತ್ತದೆ. ಉದ್ದ, ಸುಕ್ಕುಸುಕ್ಕು, ಖಾರ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಕೂಡ ಖಾರದ ತಳಿ, ಹಸಿಗೂ ಒಣಗಿಸಲಿಕ್ಕೂ ಆಗುತ್ತದೆ. ಅದೇ ಸಂಸ್ಥೆಯ ಅರ್ಕಾ ಮೇಘನಾ ಹೈಬ್ರಿಡ್. ಬೂದಿ ರೋಗ, ವೈರಸ್ ಎರಡನ್ನೂ ಒಂದು ಮಟ್ಟಕ್ಕೆ ತಡೆದುಕೊಳ್ಳುತ್ತದೆ. ಮೊದಲ ಸಲ ಬೆಳೆಯುವವರಿಗೆ ಇದು ವಾಸಿ.

ಮಂಡಕ್ಕಿ ಜೊತೆಗಿನ ಮಿರ್ಚಿಗೆ ಬೇಕಾದ ದಪ್ಪ, ಖಾರ ಕಮ್ಮಿಯ ಕಾಯಿಯೇ ಬೇರೆ. ಬೀಜದಂಗಡಿಯಲ್ಲಿ ಬಜ್ಜಿ ಮೆಣಸಿನಕಾಯಿ ಎಂದೇ ಕೇಳಿ ಪಡೆಯಿರಿ. ಸಾಮಾನ್ಯ ಹಸಿಮೆಣಸಿನಕಾಯಿಯನ್ನು ಬಲಿಯಲು ಬಿಟ್ಟು ಬಜ್ಜಿ ಮಾಡಿದರೆ ತಿನ್ನುವವರ ಕಣ್ಣಲ್ಲಿ ನೀರು ಬರುತ್ತದೆ.

2011ರಲ್ಲಿ ಭೌಗೋಳಿಕ ಸೂಚಿ (ಊರಿನ ಹೆಸರಿನ ಬೆಳೆಗೆ ಸಿಗುವ ಜಿಐ ಮಾನ್ಯತೆ) ಪಡೆದ ಬ್ಯಾಡಗಿಯನ್ನು ಬಹಳ ಜನ ಕೇಳುತ್ತಾರೆ. ಅದರ ಬೆಲೆಯಿರುವುದು ಒಣಗಿದ ಮೇಲೆ ಬರುವ ಬಣ್ಣಕ್ಕೆ. ನಾಲ್ಕು ಕುಂಡದಲ್ಲಿ ಬೆಳೆದು ಒಣಗಿಸಿದರೆ ಎರಡು ತಿಂಗಳ ಸಾರಿನ ಪುಡಿಗೂ ಸಾಲುವುದಿಲ್ಲ. ಕುಂಡದ ಜಾಗವನ್ನು ಹಸಿ ಕಾಯಿಗೆ ಕೊಡುವುದು ಜಾಣತನ. ದೊಣ್ಣೆ ಮೆಣಸಿನಕಾಯಿಯಲ್ಲಿ ಕ್ಯಾಲಿಫೋರ್ನಿಯಾ ವಂಡರ್ ಅಥವಾ ಅರ್ಕಾ ಮೋಹಿನಿ ಸಾಕು. ಹಳದಿ, ಕೆಂಪು ಬಣ್ಣದ ಹೈಬ್ರಿಡ್‌ಗಳು ಪಾಲಿಹೌಸ್‌ಗೆಂದೇ ಮಾಡಿದವು. ತೆರೆದ ಅಂಗಳದಲ್ಲಿ ಅವು ಸತಾಯಿಸುತ್ತವೆ.

ಡಬ್ಬಿಯಲ್ಲಿರುವ ಒಣಮೆಣಸಿನಕಾಯಿ ಬೀಜ ಹಾಕಿದರೆ ಹುಟ್ಟುತ್ತದೆಯೇ?

ಹುಟ್ಟುತ್ತದೆ. ಆದರೆ ಕಾಯಿ ಹಳೆಯದಾದಷ್ಟೂ ಮೊಳಕೆ ಕಮ್ಮಿ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ. ಹತ್ತು ದಿನದಲ್ಲಿ ಐದಾದರೂ ಮೊಳೆತರೆ ಬಿತ್ತಿ. ಹಸಿ ಕಾಯಿಯ ಬೀಜ ಬಲಿತಿರುವುದಿಲ್ಲ, ಅದನ್ನು ಬಿಡಿ. ಕಾಯಿ ಹೈಬ್ರಿಡ್ ಆಗಿದ್ದರೆ ಗಿಡ ಬರುತ್ತದೆ, ತಾಯಿಯಂಥ ಕಾಯಿ ಬರುತ್ತದೆನ್ನುವ ಖಾತ್ರಿಯಿಲ್ಲ.

ಸಸಿ ಮಾಡುವುದು ಹೇಗೆ?

ತೂತಿರುವ ಟ್ರೇ ಅಥವಾ ಹಳೆಯ ಐಸ್‌ಕ್ರೀಮ್ ಡಬ್ಬಿಯ ತಳಕ್ಕೆ ನಾಲ್ಕಾರು ತೂತು ಹಾಕಿ. ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಕಲಸಿ ತುಂಬಿ. ಒಂದು ಕೆಜಿ ಮಿಶ್ರಣಕ್ಕೆ 10 ಗ್ರಾಂ ಟ್ರೈಕೋಡರ್ಮಾ (ರೋಗದ ಬೂಷ್ಟನ್ನು ತಡೆಯುವ ಉಪಕಾರಿ ಶಿಲೀಂಧ್ರ) ಪುಡಿ ಸೇರಿಸಿದರೆ ಸಸಿ ಕೊಳೆ ರೋಗ ಕಮ್ಮಿ. ಅರ್ಧ ಸೆಂಟಿಮೀಟರ್ ಆಳಕ್ಕೆ, ಒಂದಕ್ಕೊಂದು ಎರಡು ಬೆರಳು ದೂರದಲ್ಲಿ ಬೀಜ ಹಾಕಿ. ಮೇಲೆ ಒದ್ದೆ ಪೇಪರ್ ಮುಚ್ಚಿ ನೆರಳಲ್ಲಿಡಿ. 25–30 ಡಿಗ್ರಿ ಬಿಸುಪಿನಲ್ಲಿ 7ರಿಂದ 12 ದಿನಕ್ಕೆ ಮೊಳೆಯುತ್ತದೆ. ಮೊದಲ ಮೊಳಕೆ ಕಂಡ ದಿನವೇ ಪೇಪರ್ ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬೆಳಕು ಹುಡುಕುತ್ತಾ ದಾರದಂತೆ ಸಣಕಲಾಗಿ ಮಲಗುತ್ತದೆ.

ಸಸಿ ಬುಡದಲ್ಲಿ ನೀರಿನಲ್ಲಿ ನೆನೆದಂತೆ ಮೆತ್ತಗಾಗಿ ಸಾಲುಸಾಲಾಗಿ ಬಿದ್ದರೆ ಅದೇ ಕೊಳೆ ರೋಗ. ಕಾರಣ ಬಹುಪಾಲು ಒಂದೇ, ಹೆಚ್ಚು ನೀರು. ಮೇಲ್ಮಣ್ಣು ಬಣ್ಣ ಬದಲಿಸಿ ತಿಳಿಯಾದ ಮೇಲೇ ನೀರು ಕೊಡಿ, ಅದೂ ಬೆಳಿಗ್ಗೆ.

35–40 ದಿನಕ್ಕೆ ಸಸಿ ಒಂದು ಗೇಣು ಬಂದು ಆರೇಳು ಎಲೆ ಇರುತ್ತದೆ. ನೆಡುವ ಒಂದು ವಾರದ ಮುಂಚೆ ದಿನಾ ಸ್ವಲ್ಪ ಸ್ವಲ್ಪ ಬಿಸಿಲಿಗಿಟ್ಟು ಗಟ್ಟಿ ಮಾಡಿ.

ನರ್ಸರಿಯಿಂದ ಸಸಿ ತಂದರೆ ಆಗುವುದಿಲ್ಲವೇ?

ಖಂಡಿತ ಆಗುತ್ತದೆ. ಐದಾರು ಗಿಡ ಬೇಕಾದವರಿಗೆ ಅದೇ ಸಲೀಸು. ಹೂ ಬಿಟ್ಟ ಸಸಿ ತರಬೇಡಿ, ಅದು ಟ್ರೇಯಲ್ಲಿ ವಯಸ್ಸಾದದ್ದು. ಎಲೆ ತಿರುಗಿಸಿ ತಳ ನೋಡಿ. ಮುದುರಿದ ಚಿಗುರಿರುವ ಒಂದು ಸಸಿ ತಂದರೂ ಉಳಿದೆಲ್ಲ ಗಿಡಕ್ಕೆ ಹಚ್ಚಿದಂತೆ.

ಎಷ್ಟು ಗಿಡ ಬೇಕು, ಎಷ್ಟು ಕಾಯಿ ಸಿಗುತ್ತದೆ?

ನಾಲ್ಕು ಜನರ ಮನೆಗೆ ಹಸಿಮೆಣಸಿನಕಾಯಿ ಐದು ಗಿಡ ಸಾಕು. ಚೆನ್ನಾಗಿ ನೋಡಿಕೊಂಡ ಒಂದು ಗಿಡ ಅದರ ಆಯುಷ್ಯದಲ್ಲಿ ಅರ್ಧದಿಂದ ಮುಕ್ಕಾಲು ಕೆಜಿ ಹಸಿ ಕಾಯಿ ಕೊಡುತ್ತದೆ.

ನಮ್ಮದು ಎರೆ ಮಣ್ಣು. ಅಂಗಳದಲ್ಲೇ ನೆಡಬಹುದೇ?

ದಾವಣಗೆರೆ, ಹರಿಹರದ ಕಡೆ ಇದೇ ದೊಡ್ಡ ಪ್ರಶ್ನೆ. ಎರೆ ಮಣ್ಣಿಗೆ ಸತ್ವ ಇದೆ, ಆದರೆ ಮಳೆ ಬಂದರೆ ನೀರು ಇಂಗಲು ಬಿಡುವುದಿಲ್ಲ. ಮೆಣಸಿನ ಬೇರು ಒಂದು ದಿನ ಪೂರ್ತಿ ನೀರಲ್ಲಿ ನಿಂತರೂ ಉಸಿರು ಕಟ್ಟಿ ಎಲೆ ಜೋತುಬೀಳುತ್ತದೆ. ಅದನ್ನು ನೋಡಿದವರು ಬಾಯಾರಿಕೆ ಅಂದುಕೊಂಡು ಮತ್ತೆ ನೀರು ಹಾಕುತ್ತಾರೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು.

ಆದ್ದರಿಂದ ಮುಕ್ಕಾಲು ಅಡಿಯಿಂದ ಒಂದು ಅಡಿ ಎತ್ತರದ ಏರುಮಡಿ ಮಾಡಿ. ಒಂದು ಚದರ ಮೀಟರ್‌ಗೆ ಎರಡು ಬುಟ್ಟಿ ಕಳಿತ ಗೊಬ್ಬರ, ಒಂದು ಬುಟ್ಟಿ ಭತ್ತದ ಹೊಟ್ಟು, ಕಾಲು ಕೆಜಿ ಬೇವಿನ ಹಿಂಡಿ ಸೇರಿಸಿ. ಹೊಟ್ಟಿಗೆ ದಾವಣಗೆರೆಯಲ್ಲಿ ಏನೂ ಬರವಿಲ್ಲ, ಅಕ್ಕಿ ಗಿರಣಿಯಲ್ಲಿ ಕೇಳಿ. ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇರಲಿ. ಹಿಂದಿನ ಹಂಗಾಮಿನಲ್ಲಿ ಟೊಮೆಟೊ, ಬದನೆ, ಆಲೂಗಡ್ಡೆ ಇದ್ದ ಜಾಗದಲ್ಲಿ ನೆಡಬೇಡಿ. ಇವೆಲ್ಲ ಒಂದೇ ಕುಲ, ಸೊರಗು ರೋಗ, ಬೇರು ಗಂಟು ಜಂತು ಮಣ್ಣಲ್ಲೇ ಕಾದಿರುತ್ತವೆ.

ಹೊಸದುರ್ಗ, ಹೊಳಲ್ಕೆರೆ ಕಡೆಯ ಮರಳು ಬೆರೆತ ಕೆಂಪು ಮಣ್ಣಿನವರಿಗೆ ಸಮಸ್ಯೆ ತಿರುವುಮುರುವು. ನೀರು ನಿಲ್ಲುವುದೇ ಇಲ್ಲ. ಅಲ್ಲಿ ಗೊಬ್ಬರ ಹೆಚ್ಚು ಬೇಕು, ಹೊಟ್ಟು ಬೇಡ.

ಕುಂಡಕ್ಕೆ ಏನೇನು ತುಂಬಬೇಕು?

ಕುಂಡ 12 ಇಂಚು ಅಗಲ, 12 ಇಂಚು ಆಳ ಇರಲೇಬೇಕು. ಸಣ್ಣ ಕುಂಡದಲ್ಲಿ ಗಿಡ ಬದುಕುತ್ತದೆ, ಕಾಯಿ ಹಿಡಿಯುವುದಿಲ್ಲ. ಕೆಂಪು ಮಣ್ಣು ಎರಡು ಪಾಲು, ಕಳಿತ ಕುರಿ ಗೊಬ್ಬರ ಇಲ್ಲವೇ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಅಥವಾ ಭತ್ತದ ಹೊಟ್ಟು ಒಂದು ಪಾಲು, ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ.

ಚಳ್ಳಕೆರೆ, ಹಿರಿಯೂರು ಕಡೆ ಕುರಿ ಗೊಬ್ಬರ ಧಾರಾಳ. ಅದು ಕಾವಿನ ಗೊಬ್ಬರ. ಹಸಿ ಹಿಕ್ಕೆಯನ್ನು ನೇರ ಹಾಕಿದರೆ ಬೇರು ಸುಡುತ್ತದೆ. ಒದ್ದೆ ಮಾಡಿ ಮುಚ್ಚಿ ಮೂರು ತಿಂಗಳು ಕಳಿಸಿ ಬಳಸಿ. ತುಂಬುವಾಗ ಬೆರಳಾಡಿಸಿ ನೋಡಿ. ಬಿಳಿ ಮೈ, ಕಂದು ತಲೆ, ಇಂಗ್ಲಿಷ್ ‘ಸಿ’ ಆಕಾರದಲ್ಲಿ ಮುದುರಿರುವ ಗೊಣ್ಣೆ ಹುಳ ಕಂಡರೆ ಆರಿಸಿ ಹೊರಗೆ ಹಾಕಿ. ಒಂದೇ ಹುಳ ಒಂದು ಕುಂಡದ ಬೇರು ಮುಗಿಸಬಲ್ಲದು.

ತಾರಸಿಯ ಮೇಲಾದರೆ ಕುಂಡವನ್ನು ಎರಡು ಇಟ್ಟಿಗೆಯ ಮೇಲಿಡಿ. ಕಾದ ಸಿಮೆಂಟಿನ ಬಿಸಿ ತಳಕ್ಕೆ ತಾಗುವುದಿಲ್ಲ, ನೀರೂ ಬಸಿಯುತ್ತದೆ.

ನೀರು ಎಷ್ಟು?

ತಾರೀಖು ನೋಡಿ ನೀರು ಹಾಕಬೇಡಿ. ಮಣ್ಣಿನಲ್ಲಿ ಬೆರಳನ್ನು ಎರಡು ಗಿಣ್ಣು ಇಳಿಸಿ, ಒಣಗಿದ್ದರೆ ಹಾಕಿ. ಅಂದಾಜು ಬೇಕೆನ್ನುವವರಿಗೆ: 12 ಇಂಚಿನ ಕುಂಡಕ್ಕೆ ಚಳಿಗಾಲದಲ್ಲಿ ದಿನ ಬಿಟ್ಟು ದಿನ ಒಂದು ಲೀಟರ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಲೀಟರ್. ಬುಡಕ್ಕೆ ಎರಡು ಇಂಚು ಶೇಂಗಾ ಸಿಪ್ಪೆ ಹೊದಿಸಿದರೆ ನೀರು ಗಮನಾರ್ಹವಾಗಿ ಉಳಿಯುತ್ತದೆ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹೊದಿಸಿ.

ಬೋರ್‌ವೆಲ್ ನೀರಿನಿಂದ ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತಿದೆ. ಹೊಸ ಎಲೆಯೂ ಹಳದಿ.

ಎರಡೂ ಒಂದೇ ಕಾರಣಕ್ಕೆ. ಗಡಸು ನೀರಿನ ಉಪ್ಪು, ಸುಣ್ಣ ಕುಂಡದಲ್ಲಿ ಕೂತು ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಎಟುಕುವುದಿಲ್ಲ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು ಉಳಿಯುವುದು ಅದರ ಗುರುತು. ಹಳೆಯ ಎಲೆ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ, ಇದಲ್ಲ.

ಲೀಟರ್ ನೀರಿಗೆ 3 ಗ್ರಾಂ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), ಅರ್ಧ ನಿಂಬೆಹಣ್ಣಿನ ರಸ ಕಲಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ತಿಂಗಳಿಗೊಮ್ಮೆ ಮಳೆನೀರು ಅಥವಾ ನಲ್ಲಿ ನೀರನ್ನು ಕುಂಡದ ತಳದಿಂದ ಹರಿದುಹೋಗುವಷ್ಟು ಹಾಕಿ ಉಪ್ಪು ತೊಳೆಯಿರಿ. ಇಂಥ ಮಣ್ಣಿಗೆ ಒಲೆ ಬೂದಿ ಹಾಕಲೇಬೇಡಿ, ಕ್ಷಾರ ಇನ್ನೂ ಏರುತ್ತದೆ.

ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತಿದೆ. ಮೊಟ್ಟೆ ಚಿಪ್ಪು ಹಾಕಿದರೂ ಹೋಗಲಿಲ್ಲ.

ಹೋಗುವುದಿಲ್ಲ. ಕ್ಯಾಲ್ಸಿಯಂ ಕಾಯಿಯ ತುದಿಗೆ ತಲುಪದಿರುವುದೇ ತೊಂದರೆ, ಆದರೆ ನಮ್ಮ ನೀರಲ್ಲಿ, ಮಣ್ಣಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಅದನ್ನು ಹೊತ್ತೊಯ್ಯುವುದು ನೀರು. ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆ ಮಾಡಿದರೆ ಹೀಗಾಗುತ್ತದೆ. ನೀರನ್ನು ಒಂದೇ ಹದದಲ್ಲಿ ಕೊಡಿ, ಮುಂದಿನ ಕಾಯಿಗಳು ಸರಿಹೋಗುತ್ತವೆ.

ಎಲೆ ಮುದುರುತ್ತಿದೆ. ಏನು ಹೊಡೆಯಬೇಕು?

ಹೊಡೆಯುವ ಮೊದಲು ನೋಡಬೇಕು. ಮುಟುರು ರೋಗವೆಂದು ಎಲ್ಲರೂ ಒಂದೇ ಹೆಸರಲ್ಲಿ ಕರೆಯುವುದು ಮೂರು ಬೇರೆ ಬೇರೆ ತೊಂದರೆಗಳು. ಒಂದರ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ.

*ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ* ಥ್ರಿಪ್ಸ್ ನುಸಿ. ಚಿಗುರನ್ನೋ ಹೂವನ್ನೋ ಬಿಳಿ ಕಾಗದದ ಮೇಲೆ ಹಿಡಿದು ಬೆರಳಿಂದ ತಟ್ಟಿ. ಪೆನ್ಸಿಲ್ಲಿನ ಸಣ್ಣ ಗೀರಿನಂಥ ಹುಳುಗಳು ಓಡಾಡುತ್ತವೆ. 2021ರಲ್ಲಿ ದಕ್ಷಿಣ ಭಾರತದ ಮೆಣಸಿನ ಹೊಲಗಳನ್ನು ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಹೂವಿನೊಳಗೇ ಇರುತ್ತದೆ, ಆದ್ದರಿಂದ ಹೂವನ್ನು ತಟ್ಟಿ ನೋಡುವುದನ್ನು ಮರೆಯಬೇಡಿ.

*ಅಂಚು ಕೆಳಕ್ಕೆ ಮಡಚಿ ಎಲೆ ಬೋರಲು ಬಿದ್ದ ದೋಣಿಯಂತಿದ್ದರೆ,* ತೊಟ್ಟು ಉದ್ದವಾಗಿ ಎಲೆ ಸಣ್ಣಗಾಗಿದ್ದರೆ ಅದು ಮೈಟ್ ನುಸಿ. ಬರಿಗಣ್ಣಿಗೆ ಕಾಣದು, ಹತ್ತು ಪಟ್ಟಿನ ಮಸೂರ ಬೇಕು. ಮೈಟ್ ಕೀಟವಲ್ಲ, ಜೇಡದ ಜಾತಿ. ಅಂಗಡಿಯಲ್ಲಿ ‘ಮುದುರಿಗೆ’ ಎಂದು ಕೊಡುವ ಎಷ್ಟೋ ಕೀಟನಾಶಕ ಅದಕ್ಕೆ ಏನೂ ಮಾಡುವುದಿಲ್ಲ. ಬದಲಿಗೆ ಅದನ್ನು ತಿನ್ನುವ ಹುಳುಗಳು ಸತ್ತು ಮೈಟ್ ಇನ್ನೂ ಹೆಚ್ಚುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರ್‌ಗೆ 3 ಗ್ರಾಂನಂತೆ ಎಲೆಯ ತಳ ತೋಯುವ ಹಾಗೆ ಹೊಡೆಯಿರಿ. ಬಿಸಿಲು 32 ಡಿಗ್ರಿ ಮೀರಿದ ದಿನ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೂ ಅಷ್ಟೇ. ಬೂದಿ ರೋಗಕ್ಕೂ ಇದೇ ಗಂಧಕ.

*ಚಿಗುರೆಲೆ ಸಣ್ಣಗಾಗಿ ಗೊಂಚಲು ಕಟ್ಟಿ, ನರ ದಪ್ಪವಾಗಿ, ಗಿಡ ಕುಳ್ಳಾಗಿ ನಿಂತುಬಿಟ್ಟಿದ್ದರೆ* ಬಿಳಿ ನೊಣ ಹರಡುವ ವೈರಸ್. ಇದಕ್ಕೆ ಮದ್ದಿಲ್ಲ. ಮನಸ್ಸು ಗಟ್ಟಿ ಮಾಡಿ ಗಿಡ ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ. ಉಳಿದೀತು ಅಂತ ಇಟ್ಟುಕೊಂಡ ಒಂದು ಗಿಡ ಪಕ್ಕದ ನಾಲ್ಕನ್ನು ಕೆಡಿಸುತ್ತದೆ.

ಥ್ರಿಪ್ಸ್, ಬಿಳಿ ನೊಣ, ಹೇನು ಇವಕ್ಕೆ ಮನೆಯಲ್ಲಿ ಮಾಡಿಕೊಳ್ಳಬಹುದಾದ್ದು ಬೇವಿನ ಬೀಜದ ಕಷಾಯ. ಲೀಟರ್ ನೀರಿಗೆ 50 ಗ್ರಾಂ ಒಣ ಬೇವಿನ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ. ಒಂದು ಚಿಟಿಕೆ ಸೋಪಿನ ಪುಡಿ ಕಲಸಿ ಅವತ್ತೇ ಸಂಜೆ ಬಳಸಿ. ಬೀಜ ಸಿಗದಿದ್ದರೆ ಬೇವಿನೆಣ್ಣೆ ಲೀಟರ್‌ಗೆ 5 ಮಿಲಿ, ಸೋಪಿನ ನೀರಲ್ಲಿ ಚೆನ್ನಾಗಿ ಕದಡಿ. ವಾರಕ್ಕೊಮ್ಮೆಯಂತೆ ಮೂರು ಸಲ. ನಾಲ್ಕು ಗಿಡಕ್ಕೊಂದು ಅಂಟು ಹಲಗೆ ನೇತುಹಾಕಿ: ಥ್ರಿಪ್ಸ್‌ಗೆ ನೀಲಿ, ಬಿಳಿ ನೊಣಕ್ಕೆ ಹಳದಿ. ಅಂಗಳ ದೊಡ್ಡದಿದ್ದರೆ ಮಡಿಯ ಸುತ್ತ ಎರಡು ಸಾಲು ಮೆಕ್ಕೆಜೋಳವನ್ನು ಮೂರು ವಾರ ಮುಂಚೆಯೇ ಬಿತ್ತಿ. ಗಾಳಿಯಲ್ಲಿ ತೇಲಿ ಬರುವ ನುಸಿಗೆ ಅದೇ ಗೋಡೆ.

ಮದ್ದು ಹಿಡಿಯಿತೇ ಎಂದು ಮುದುರಿದ ಎಲೆ ನೋಡಿ ಹೇಳಲಾಗದು, ಅದು ಮತ್ತೆ ನೇರವಾಗುವುದಿಲ್ಲ. ಹತ್ತು ಹನ್ನೆರಡು ದಿನದ ಮೇಲೆ ಬಂದ ಹೊಸ ಚಿಗುರು ಅಗಲವಾಗಿದ್ದರೆ ಹಿಡಿದಿದೆ.

ಯಾವುದೆಂದು ನಮಗೆ ಗೊತ್ತಾಗದಿದ್ದರೆ?

ಒಂದು ಕೊಂಬೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಡುವ ಮೊದಲು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದು ತೋರಿಸಿ. ಗಿಡ ಸೊರಗಿ ಸಾಯುತ್ತಿದ್ದರೆ ಬೇರು ಸಮೇತ ಕಿತ್ತು ಒಯ್ಯಿರಿ.

ಹೂ ಬರುತ್ತದೆ, ಉದುರುತ್ತದೆ. ಯಾಕೆ?

ತಿಂಗಳು ಯಾವುದು ನೋಡಿ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 24ರ ಕೆಳಗಿಳಿಯದಿದ್ದರೆ ಪರಾಗ ಕೆಡುತ್ತದೆ. ಯಾವ ಟಾನಿಕ್ಕೂ ಇದನ್ನು ತಡೆಯುವುದಿಲ್ಲ. ನೆರಳು ಕೊಟ್ಟು ಗಿಡ ಉಳಿಸಿಕೊಳ್ಳಿ, ಮಳೆ ಬಿದ್ದ ಮೇಲೆ ತಾನೇ ಕಾಯಿ ಕಚ್ಚುತ್ತದೆ.

ಚಳಿಗಾಲದಲ್ಲೂ ಉದುರುತ್ತಿದ್ದರೆ ಒಂದೋ ಥ್ರಿಪ್ಸ್, ಇಲ್ಲವೇ ಯೂರಿಯಾ ಹೆಚ್ಚಾಗಿದೆ. ಗಿಡ ಕಡುಹಸಿರಾಗಿ ಆಳೆತ್ತರ ಬೆಳೆದು ಹೂವೇ ಕಾಣದಿದ್ದರೆ ಗೊಬ್ಬರ ನಿಲ್ಲಿಸಿ.

ಮೇಲುಗೊಬ್ಬರ ಏನು ಕೊಡಬೇಕು?

ಎಣ್ಣೆ ಗಿರಣಿಗಳ ಊರು ಚಳ್ಳಕೆರೆ ಪಕ್ಕದಲ್ಲಿರುವಾಗ ಶೇಂಗಾ ಹಿಂಡಿ ಬಿಟ್ಟು ಬೇರೆ ಹುಡುಕುವುದೇಕೆ? 100 ಗ್ರಾಂ ಹಿಂಡಿಯನ್ನು 2 ಲೀಟರ್ ನೀರಲ್ಲಿ ಮೂರು ದಿನ ನೆನೆಸಿ. ವಾಸನೆ ಬರುತ್ತದೆ, ಮುಚ್ಚಿಡಿ. ಸೋಸಿ 10 ಲೀಟರ್ ಮಾಡಿ ಗಿಡಕ್ಕೆ ಅರ್ಧ ಲೀಟರ್‌ನಂತೆ 15 ದಿನಕ್ಕೊಮ್ಮೆ. ನೆಟ್ಟ ಮೂರನೇ ವಾರದಿಂದ ಶುರು ಮಾಡಿ. ಗಟ್ಟಿ ಹಿಂಡಿಯನ್ನೇ ಬುಡಕ್ಕೆ ಹಾಕಿದರೆ ಇರುವೆ ಮುತ್ತುತ್ತವೆ, ಇಲಿಯೂ ಕೆದರುತ್ತದೆ.

ತುದಿ ಚಿವುಟಬೇಕೇ?

ಹಸಿಮೆಣಸಿನಕಾಯಿ ತಾನೇ ಕವಲೊಡೆಯುತ್ತದೆ, ಬೇಕಿಲ್ಲ. ದೊಣ್ಣೆ ಮೆಣಸಿನಕಾಯಿಯಲ್ಲಿ ಮೊದಲ ಕವಲಿನ ನಡುವೆ ಬರುವ ಹೂವನ್ನು ಮಾತ್ರ ಕಿತ್ತುಹಾಕಿ. ಅದೊಂದು ಕಾಯಿಯಾದರೆ ಗಿಡದ ಬೆಳವಣಿಗೆ ಅಲ್ಲೇ ನಿಲ್ಲುತ್ತದೆ.

ಖಾರದ ಗಿಡದ ಪಕ್ಕ ದೊಣ್ಣೆ ಮೆಣಸಿನಕಾಯಿ ನೆಟ್ಟರೆ ಅದಕ್ಕೂ ಖಾರ ಬರುತ್ತದಂತೆ, ಹೌದೇ?

ಈ ವರ್ಷದ ಕಾಯಿಗೆ ಬರುವುದಿಲ್ಲ. ಕಾಯಿಯ ಗುಣ ತಾಯಿ ಗಿಡದ್ದು. ಆದರೆ ಜೇನು ಪರಾಗ ಬೆರೆಸಿರುವುದರಿಂದ ಆ ಕಾಯಿಯ ಬೀಜ ಬಿತ್ತಿದರೆ ಮುಂದಿನ ಗಿಡದಲ್ಲಿ ಖಾರ ಬರಬಹುದು. ಬೀಜಕ್ಕೆಂದು ಬಿಡುವುದಾದರೆ ಹೂ ಅರಳುವ ಮುಂಚೆಯೇ ಆ ಕೊಂಬೆಗೆ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಗುರುತಿಗೆ ದಾರ ಕಟ್ಟಿ.

ಕೋತಿ, ಹಕ್ಕಿ ಕಾಟಕ್ಕೆ?

ಕೋತಿಗೆ ಖಾರ ತಾಗುತ್ತದೆ, ತಿನ್ನುವುದು ಕಮ್ಮಿ. ಆದರೆ ಕಿತ್ತು ನೋಡಿ ಬಿಸಾಡುತ್ತದೆ, ದೊಣ್ಣೆ ಮೆಣಸಿನಕಾಯಿಯನ್ನಂತೂ ಬಿಡುವುದಿಲ್ಲ. ದುರ್ಗದ ಕೋಟೆ ಪಕ್ಕದ ಮನೆಯವರು ತಂತಿ ಬಲೆಯ ಗೂಡು ಮಾಡದೆ ಅದನ್ನು ಬೆಳೆಯುವ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಹಕ್ಕಿಗಳಿಗೆ ಖಾರ ಗೊತ್ತೇ ಆಗುವುದಿಲ್ಲ. ಹಣ್ಣಾದ ಕಾಯಿಗೆ ಬರುತ್ತವೆ, ಹಸಿರಿರುವಾಗಲೇ ಕೊಯ್ದುಕೊಳ್ಳಿ.

ಕೊಯ್ಲು ಯಾವಾಗ?

ಕಾಯಿ ಕಚ್ಚಿದ 20–25 ದಿನಕ್ಕೆ, ಹೊಳಪು ಬಂದು ಒತ್ತಿದರೆ ಗಟ್ಟಿ ಎನಿಸಿದಾಗ. ತೊಟ್ಟು ಸಮೇತ ಕತ್ತರಿಯಿಂದ ಕತ್ತರಿಸಿ. ಎಳೆದರೆ ಕೊಂಬೆಯೇ ಸಿಗಿಯುತ್ತದೆ, ಮೆಣಸಿನ ಕೊಂಬೆ ಬಹಳ ಪೆಳಸು. ವಾರಕ್ಕೊಮ್ಮೆ ತಪ್ಪದೆ ಕೊಯ್ಯಿರಿ. ನಾಲ್ಕು ಕಾಯಿ ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಹೊಸ ಹೂ ಕಮ್ಮಿಯಾಗುತ್ತದೆ. ಬೀಡಿ, ತಂಬಾಕು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆದೇ ಗಿಡ ಮುಟ್ಟಿ, ತಂಬಾಕಿನ ಮೊಸಾಯಿಕ್ ವೈರಸ್ ಕೈಯಿಂದಲೇ ದಾಟುತ್ತದೆ.

ಕಾಯಿ ಹೆಚ್ಚಿ ಕೈ ಉರಿದರೆ ಮೊದಲು ಅಡುಗೆ ಎಣ್ಣೆ ಉಜ್ಜಿ, ಆಮೇಲೆ ಸೋಪು. ಬರೀ ನೀರಿಗೆ ಖಾರ ಹೋಗುವುದಿಲ್ಲ. ಅಂದ ಹಾಗೆ, ಆ ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ.

ಬೇಸಿಗೆ ಬಂತು, ಗಿಡ ಸುಸ್ತಾಗಿದೆ. ಕಿತ್ತುಹಾಕುವುದೇ?

ಮುಟುರು ಇಲ್ಲದ, ಬುಡ ಗಟ್ಟಿಯಿರುವ ಗಿಡವಾದರೆ ಬೇಡ. ಮೇ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮೇಲೆ, ಪ್ರತಿ ಕೊಂಬೆಯನ್ನು ಮೂರನೇ ಒಂದು ಭಾಗ ಉಳಿಸಿ ಓರೆಯಾಗಿ ಕತ್ತರಿಸಿ. ಮೇಲಿನ ಎರಡು ಇಂಚು ಮಣ್ಣು ಕೆದರಿ ತೆಗೆದು ಹೊಸ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಎರಡು ವಾರಕ್ಕೆ ಚಿಗುರುತ್ತದೆ. ಹಸಿಮೆಣಸಿನಕಾಯಿ ಹೀಗೆ ಇನ್ನೊಂದು ಹಂಗಾಮು ಬರುತ್ತದೆ, ಸೂಜಿ ಮೆಣಸು ಎರಡು ಮೂರು ವರ್ಷವೂ ಬಾಳುತ್ತದೆ. ದೊಣ್ಣೆ ಮೆಣಸಿನಕಾಯಿಗೆ ಈ ಶ್ರಮ ದಂಡ, ಅದನ್ನು ಕಿತ್ತು ಆ ಜಾಗದಲ್ಲಿ ಮಳೆಗಾಲಕ್ಕೆ ಬೆಂಡೆಯೋ ಚವಳಿಯೋ ಹಾಕಿಕೊಳ್ಳಿ.